ತೈವೊಳ ಮೂಗು

ನನ್ನ ಅಜ್ಜಿ ಕೆಹಿಂದೆಯ ಅವಳಿ ತಂಗಿ ತೈವೊ ಕೂಸಾಗಿದ್ದಾಗಲೇ ತೀರಿಕೊಂಡಳು. ನಮ್ಮ ಯೊರೂಬಾ ಜನರ ಪದ್ಧತಿಯಂತೆ ಅವಳ ಹೆಸರಿನಲ್ಲೊಂದು ಮರದ ಬೊಂಬೆ ಕೆತ್ತಿಸಿ, ದಿನವೂ ನೀರೆರೆದು ಕೆಂಪು ಗಂಧ ಹಚ್ಚುತ್ತಿದ್ದರು. ಬಿಳಿಯರು ಅದನ್ನು ಮ್ಯೂಸಿಯಮ್ಮಿಗೆ ಹೊತ್ತೊಯ್ದ ಮೇಲೂ ಅಜ್ಜಿ ಬರೀ ಬೋಗುಣಿಗೆ ನೀರೆರೆದು, ಗಂಧ ಸವರುವುದನ್ನು ಬಿಡಲಿಲ್ಲ.

“ಗಾಳಿಗೆ ನೀರೆರೀತೀಯೇನಜ್ಜಿ?” ಎಂದು ಓಣಿಯ ಹೆಂಗಸರು ಕಿಚಾಯಿಸುತ್ತಿದ್ದರು.

ಹೋದ ವರ್ಷ ಬೊಂಬೆ ಮನೆಗೆ ಮರಳಿತು. ಒಯ್ದ ದಿನ ತೆಗೆದ ಫೋಟೊದಲ್ಲಿ ಅದರ ಮೂಗು ಚೂಪಾಗಿತ್ತು. ಈಗ ಹೊಳೆಗಲ್ಲಿನಂತೆ ಸವೆದಿತ್ತು.

“ಗಾಜಿನ ಪೆಟ್ಟಿಗೇನ ಯಾರೂ ತೆಗೆದಿಲ್ಲಮ್ಮ,” ಎಂದ, ಅದನ್ನು ಮ್ಯೂಸಿಯಮ್ಮಿನಿಂದ ತಂದಾತ.

ಅಜ್ಜಿ ಬೊಂಬೆಯನ್ನು ಎತ್ತಿ ಹಿಡಿದು ಬೊಚ್ಚುಬಾಯಿ ತುಂಬ ನಕ್ಕಳು: “ಗಾಳಿ ಅಂದ್ರಲ್ಲ, ಈಗ ನೋಡ್ರೇ! ಒಂದು ದಿನಾನಾದ್ರೂ ನನ್ನ ತಂಗೀನ ಕೊಳಕಾಗಿರೋಕೆ ಬಿಟ್ಟಿದ್ನಾ?”

ಓಣಿಯೇ ಕೇಕೆ ಹಾಕಿತು.

ನಾನೂ ಬೊಂಬೆಯನ್ನು ಮಡಿಲಿಗೆ ತೆಗೆದುಕೊಂಡೆ. ಕೈಗೆ ಕೆಂಪು ಅಂಟಿತು. ಗಂಧ ಇನ್ನೂ ಹಸಿಯಾಗಿತ್ತು.