ಚಾರ್ಮಾಡಿಯ ಇಳಿಜಾರಿನಲ್ಲಿ

"ದಯವಿಟ್ಟು... ಅದನ್ನು ಸ್ಟಾರ್ಟ್ ಮಾಡಬೇಡಿ!"

ಬೆಳ್ತಂಗಡಿಯ ಆ ಮನೆಯಂಗಳದಲ್ಲಿ ಬೈಕಿನ ಮೇಲೆ ಕುಳಿತಿದ್ದ ಅಪರಿಚಿತ ತಲೆಯೆತ್ತಿದ. ಬಾಗಿಲಲ್ಲಿ ನಿಂತಿದ್ದ ವಾಗ್ದೇವಿಯ ಮುಖ ಬಿಳಿಚಿಕೊಂಡಿತ್ತು. ಆ ಬೈಕಿನ ಗುಡುಗಿನಂಥ ಸದ್ದೆಂದರೆ ಅವಳಿಗೆ ಮೊದಲಿನಿಂದಲೂ ಹೆದರಿಕೆ.

"ಶಬ್ದಕ್ಕೆ ಹೆದರ್ತೀರಾ? ಹಾಗಾದರೆ ರಸ್ತೆಗೆ ತಳ್ಳಿಕೊಂಡು ಹೋಗ್ತೇನೆ."

ಆನೆಯಂಥ ಆ ಬೈಕನ್ನು ಬೆವರು ಸುರಿಸುತ್ತಾ ನಿಜವಾಗಿಯೂ ತಳ್ಳಿಕೊಂಡು ಹೋದ!

ಅವನು ಕೃಷ್ಣಕುಮಾರ, ಮೂಡುಬಿದಿರೆಯ ಉಪನ್ಯಾಸಕ. ೧೯೮೪ರ ಬೇಸಿಗೆ ರಜೆಯಲ್ಲಿ ಹಿಮಾಲಯದವರೆಗೆ ಹೋಗುವ ಹಂಬಲ ಅವನಿಗೆ. ಅದಕ್ಕೆ ತಕ್ಕ ಗಾಡಿ ವಾಗ್ದೇವಿಯ ಅಣ್ಣ ವೆಂಕಟೇಶ್ವರನಲ್ಲಿತ್ತು. ವಿದೇಶಿ ಇಂಜಿನಿಯರೊಬ್ಬರಿಂದ ಕೊಂಡ ಸಾವಿರ ಸಿಸಿಯ ಬೈಕು; ಎದುರಿಗೆ ಗಾಜು, ಸೋಫಾದಂಥ ಸೀಟು, ಎರಡೂ ಬದಿಗೆ ಸಾಮಾನಿನ ಪೆಟ್ಟಿಗೆ.

ಆ ದಿನದಿಂದ ಮೊದಲ್ಗೊಂಡು ಬೈಕು ನೋಡಲೆಂದು ಮೂರು ಭಾನುವಾರ ಬಂದ. ಮೂರನೆಯ ಸಲ ಅವನ ಕಣ್ಣು ಬೈಕಿಗಿಂತ ಹೆಚ್ಚಾಗಿ ಅಡುಗೆಮನೆಯ ಬಾಗಿಲನ್ನೇ ಹುಡುಕುತ್ತಿತ್ತು. ಕಾಫಿ ಕೊಡುವಾಗ ವಾಗ್ದೇವಿ ತಲೆಯೆತ್ತಿ ಅವನನ್ನು ನೋಡಲಿಲ್ಲ. ನಾಚಿಕೆಯಿಂದ ಮಾತ್ರವಲ್ಲ...

ಹಿಂದಿನ ದಿನ ಮೆಕ್ಯಾನಿಕ್ ಅಬ್ದುಲ್ ಶುಕೂರ್ ಅಣ್ಣನಿಗೆ ಹೇಳಿದ್ದು ಅವಳ ಕಿವಿಗೆ ಬಿದ್ದಿತ್ತು. "ಇಳಿಜಾರಿನಲ್ಲಿ ಬಿಸಿಯಾದರೆ ಮುಂದಿನ ಬ್ರೇಕ್ ಹಿಡಿಯುವುದಿಲ್ಲ. ತಕ್ಕೊಳ್ಳುವವರಿಗೆ ಹೇಳಿಬಿಡಿ."

"ನೀನು ಬಾಯಿ ಬಿಡಬೇಡ," ಎಂದು ಅಣ್ಣ ಅವಳನ್ನು ಗದರಿಸಿದ್ದ.

ಅಪ್ಪನಿಲ್ಲದ ಮನೆ. ಅಣ್ಣನ ಸಿಟ್ಟೆಂದರೆ ಅವಳಿಗೆ ನಡುಕ. ಸುಮ್ಮನಿದ್ದಳು.

"ಚಾರ್ಮಾಡಿ ಘಾಟಿ ಹತ್ತಿ ಇಳಿದು ನೋಡ್ತೇನೆ," ಎಂದು ಕೃಷ್ಣಕುಮಾರ ಹೊರಟೇಬಿಟ್ಟ.

ಬೈಕಿನ ಸದ್ದು ದೂರವಾಗುತ್ತಿದ್ದಂತೆ ಅವಳು ಅಂಗಳಕ್ಕೆ ಧಾವಿಸಿದಳು. *ಅಯ್ಯೋ, ನಾನೇ ಕೊಲ್ಲುತ್ತಿದ್ದೇನೆ!*

ಬರಿಗಾಲಲ್ಲೇ ಶುಕೂರನ ಗ್ಯಾರೇಜಿಗೆ ಓಡಿದಳು. "ಜೀಪು ತೆಗೆಯಿರಿ ಶುಕೂರಣ್ಣಾ, ಬೇಗ!"

ಘಾಟಿಯ ಪ್ರತಿ ತಿರುವಿನಲ್ಲೂ ಅವಳು ಕಣ್ಣು ಮುಚ್ಚಿಕೊಂಡಳು. ಒಂದು ಕಡೆ ತಡೆಗೋಡೆ ಒಡೆದಿತ್ತು. ಅದರಾಚೆ ಬರೀ ಪ್ರಪಾತ... ಇಣುಕುವ ಧೈರ್ಯವಾಗಲಿಲ್ಲ.

"ಇದು ಹಳೆಯ ಒಡಕು ಅಕ್ಕಾ, ಹೆದರಬೇಡಿ," ಎಂದ ಶುಕೂರ್. ಆದರೂ ಜೀಪಿನ ವೇಗ ಹೆಚ್ಚಿಸಿದ.

ಎರಡು ತಿರುವು ದಾಟಿದ ಮೇಲೆ ಕಂಡ! ಬೈಕು ಗುಡ್ಡದ ಬದಿಯ ಚರಂಡಿಗೆ ನುಗ್ಗಿ ನಿಂತಿತ್ತು. ಪಕ್ಕದಲ್ಲಿ ಕೃಷ್ಣಕುಮಾರ, ಅಂಗಿಯ ತೋಳೆಲ್ಲ ರಕ್ತ.

"ಬ್ರೇಕ್ ಹಿಡಿಯಲಿಲ್ಲ. ಗುಡ್ಡಕ್ಕೇ ಗುದ್ದಿಸಿದೆ," ಎಂದ.

"ನನಗೆ... ಗೊತ್ತಿತ್ತು."

ಅವನು ಅವಳನ್ನೇ ದಿಟ್ಟಿಸಿದ. "ಗೊತ್ತಿದ್ದೂ ಕಾಫಿ ಕೊಟ್ಟು ಕಳಿಸಿದಿರಾ?"

ಅವಳಿಗೆ ಬೆನ್ನು ಹಾಕಿ ರಸ್ತೆಗೆ ನಡೆದ. ಬಂದ ಬಸ್ಸು ಹತ್ತಿ ಹೊರಟುಹೋದ.

ಆ ವಾರ ವಾಗ್ದೇವಿಗೆ ಅನ್ನ ಸೇರಲಿಲ್ಲ. ಕೊನೆಗೆ ಅಣ್ಣನೆದುರು ನಿಂತಳು. "ನೀನು ಮಾಡಿದ್ದು ತಪ್ಪು. ನಾನು ಸುಮ್ಮನಿದ್ದದ್ದು ಇನ್ನೂ ದೊಡ್ಡ ತಪ್ಪು. ನಾನು ಮೂಡುಬಿದಿರೆಗೆ ಹೋಗ್ತೇನೆ."

ಬದುಕಿನಲ್ಲೇ ಮೊದಲ ಸಲ ಅಣ್ಣ ಅವಳೆದುರು ತಲೆತಗ್ಗಿಸಿದ. "ನಿನ್ನೆ ನಾನೇ ಹೋಗಿ ಕ್ಷಮೆ ಕೇಳಿ ಬಂದೆ. ನೀನೂ ಹೋಗು."

ಕೃಷ್ಣಕುಮಾರನ ಬಾಡಿಗೆ ಮನೆಯೆದುರು ಅದೇ ಬೈಕು ಬಿಚ್ಚಿಕೊಂಡು ಬಿದ್ದಿತ್ತು!

"ತಕ್ಕೊಂಡಿರಾ?!"

"ಹೌದು. ನಿಮ್ಮಣ್ಣ ಕ್ಷಮೆ ಕೇಳಲು ಬಂದಾಗ ಶುಕೂರಣ್ಣನ ಜತೆ ತಂದುಕೊಟ್ಟರು. ಹೊಸ ಬ್ರೇಕು ಬೊಂಬಾಯಿಯಿಂದ ಬರಲಿಕ್ಕುಂಟು. ಶುಕೂರಣ್ಣ ಕೂಡಿಸ್ತಾರೆ." ತುಸು ತಡೆದು ಹೇಳಿದ, "ನೀವು ಬರಿಗಾಲಲ್ಲಿ ಓಡಿ ಬಂದದ್ದನ್ನೂ ಅವರೇ ಹೇಳಿದರು."

ಅವಳ ಕಣ್ಣು ತುಂಬಿ ಬಂತು. "ನಿಮ್ಮನ್ನು ಕಳೆದುಕೊಂಡೆ ಅಂತ..."

"ನನಗೂ ಹೆದರಿಕೆಯಾಯ್ತು ವಾಗ್ದೇವಿ. ಬೈಕು ಜಾರುವಾಗ ಒಂದೇ ಯೋಚನೆ, ನಿಮ್ಮ ಹತ್ತಿರ ಏನೂ ಹೇಳಲೇ ಇಲ್ಲವಲ್ಲ ಅಂತ."

"ಏನು ಹೇಳಲಿಕ್ಕಿತ್ತು?"

"ನನ್ನನ್ನು ಮದುವೆಯಾಗ್ತೀರಾ?"

ಅವಳು ಬಿಚ್ಚಿಟ್ಟ ಬೈಕಿನ ಕಡೆ ನೋಡಿದಳು.

"ಹಿಮಾಲಯಕ್ಕೆ ಒಬ್ಬರೇ ಹೋಗಬಾರದು," ಎಂದಳು ಕೊನೆಗೆ.

"ಮತ್ತೆ?"

"ಇಬ್ಬರೂ ಹೋಗುವ... ನಿಧಾನಕ್ಕೆ."