ಹೂ ಕಟ್ಟಿದ ಆಸ್ಟಿನ್

ಎಪ್ಪತ್ನಾಲ್ಕರ ಮಾತು. ಟಿಕೋಟದ ದೇಸಾಯರ ವಿಲಾಯತಿ ಆಸ್ಟಿನ್ ಕಾರಿಗೆ ಹೂ ಕಟ್ಟಿದರೆಂದರೆ ಯಾರದೋ ಲಗ್ನ ಎಂದೇ ಅರ್ಥ. ಸುತ್ತಲಿನ ಮದುಮಕ್ಕಳೆಲ್ಲ ಅದರಲ್ಲೇ ಮೆರೆದವರು.

ಅವತ್ತು ಅಪ್ಪ, ನನ್ನನ್ನು ನೋಡಿಹೋಗಿದ್ದ ಅರಕೇರಿಯ ವರನ ಮನೆಗೆ ಮಾತು ಕೊಡಲು ಹೊರಟಿದ್ದ. ಸೀರೆ ತರಲೆಂದು ವಿಜಾಪುರದವರೆಗೆ ನಾನೂ ಬಸ್ಸಿನಲ್ಲಿದ್ದೆ. ಚೆಂಡುಹೂವಿನ ಆ ಕಾರು ನಮ್ಮನ್ನು ದಾಟಿತು. ಹಿಂದಿನ ಸೀಟು ಖಾಲಿ. ಡ್ರೈವರ್ ರಾಯಪ್ಪನೇ ಹೊಸ ರುಮಾಲು ಸುತ್ತಿದ್ದ. ಅಂದರೆ ಮದುಮಗ ಅವನೇ!

ದಿನಾ ನಾನು ಕಲಿಸುವ ಸಾಲಿಯ ಮುಂದೆ ಹಾರ್ನ್ ಹೊಡೆದು ನಗುವವನು ಒಂದು ಮಾತು ಹೇಳಬಾರದಿತ್ತೇ?

"ರೇಣವ್ವಾ, ಹೂಂ ಅಂತ ಹೇಳ್ಲ್ಯಾ?" ಅಪ್ಪ ಕೇಳಿದ.

"ಹೇಳಪಾ," ಎಂದುಬಿಟ್ಟೆ. ಎಲ್ಲ ಸಿಟ್ಟಿನ ಕೆಲಸ.

ಗೋಳಗುಮ್ಮಟದ ಹತ್ತಿರ ಇಳಿದೆವು. ಬಯಲಿನಲ್ಲಿ ಹಳೇ ಮೋಟಾರುಗಳ ಪ್ರದರ್ಶನ. ಅಪ್ಪ ಚಹಾದ ಅಂಗಡಿಗೆ ಹೋದ. ಸಾಲಿನ ತುದಿಯಲ್ಲಿ ರಾಯಪ್ಪ ಆಸ್ಟಿನ್ ಒರೆಸುತ್ತಿದ್ದ. ನಾನು ಸುಮ್ಮನಿರುವ ಪೈಕಿಯಲ್ಲ.

"ಬೀಗರು ಎಲ್ಲಿ?"

"ಯಾರ ಬೀಗರ್ರಿ ಬಾಯಾರ?"

"ನಿಮ್ಮವರು! ಹೂವೇನು, ರುಮಾಲೇನು!"

"ಅಯ್ಯ! ಇದನ್ನ ಸಿಂಗಾರ ಮಾಡೂದು ನನಗ ಹಿಂಗ ಅಷ್ಟ ಗೊತ್ರಿ. ಇಲ್ಲಿ ಯಾರ ಗಾಡಿಗೂ ಹೂವಿಲ್ಲ. ಮಂದಿ ನಗಾಕತ್ತಾರ."

ನಾನೂ ನಕ್ಕೆ. ನಗುತ್ತಲೇ ಅಳು ಬಂತು.

"ಅಳ್ತೀರ್ಯಾಕ?"

"ನಿಮ್ಮ ಮ್ಯಾಲಿನ ಸಿಟ್ಟಿಗೆ ಅರಕೇರಿಯವರಿಗೆ ಹೂಂ ಅಂದೇನಿ."

ಒರೆಸುವ ಕೈ ನಿಂತಿತು. "ನನ್ನ ಮ್ಯಾಲೆ ಯಾಕ ಸಿಟ್ಟು?" ಎಂದ, ತುಟಿಯಂಚಿನಲ್ಲಿ ನಗು ಅದುಮುತ್ತ. ಕಳ್ಳ!

"ಅಷ್ಟೂ ತಿಳೀದವ್ರಿಗೆ ಲೈಸೆನ್ಸ್ ಯಾರ ಕೊಟ್ರು?"

ಮೈಕಿನಲ್ಲಿ ಕೂಗಿದರು: "ಟಿಕೋಟದ ಆಸ್ಟಿನ್ ಸುತ್ತು ಹೊಡೆಯಲು ಬರಬೇಕು!" ಸುತ್ತು ಹೊಡೆಯದ ಗಾಡಿಗೆ ಬಹುಮಾನವಿಲ್ಲ. ಅದಕ್ಕಾಗಿಯೇ ಅವನು ಬೇಸಿಗೆಯೆಲ್ಲ ಆ ಕಾರಿನ ಅಡಿಯಲ್ಲಿ ಮಲಗಿ ಮೈಯೆಲ್ಲ ಗ್ರೀಸು ಮಾಡಿಕೊಂಡಿದ್ದ.

"ನಿಮ್ಮಪ್ಪಾರು ಎಲ್ಲಿ ಅದಾರ?"

"ಚಹಾದ ಅಂಗಡ್ಯಾಗ. ಕುಡದ ಕೂಡ್ಲೇ ಅರಕೇರಿ ಬಸ್ ಹತ್ತತಾನ. ಮೊದಲ ನಿಮ್ಮ ಸುತ್ತು ಮುಗಸ್ರಿ."

"ಸುತ್ತು ಬರೂ ವರ್ಷ ಹೊಡೀತೇನ್ರಿ. ನೀವು ಹ್ವಾದ್ರ ನಾ ಯಾರಿಗೆ ಹಾರ್ನ್ ಹೊಡೀಲಿ?"

ಅವನು ಓಡಿದ. ಹಿಂದೆ ನಾನೂ. ಅಪ್ಪನ ಮುಂದೆ ನಿಂತು ಕೈ ಮುಗಿದ. ಒಂದೇ ಉಸಿರಿನಲ್ಲಿ, "ನಿಮ್ಮ ಮಗಳನ್ನ ನನಗ ಕೊಡ್ರಿ," ಎಂದ.

ಅಪ್ಪ ನನ್ನ ಕಡೆ ನೋಡಿದ. "ಅರಕೇರಿಯವ್ರಿಗೆ ಏನ್ ಹೇಳ್ಲಿ?"

"ಹುಡುಗಿ ಒಲ್ಲೆ ಅಂದಾಳ ಅಂತ ಹೇಳಪಾ."

ರಸ್ತೆಯಲ್ಲಿ ಅರಕೇರಿ ಬಸ್ಸು ಬಂದು ನಿಂತಿತು. ಕಂಡಕ್ಟರ್ ಕೂಗುತ್ತಿದ್ದ. ಅಪ್ಪ ಏಳಲಿಲ್ಲ. ಬೆಂಚಿನ ಮೇಲೆ ಸರಿದು ಜಾಗ ಮಾಡಿದ.

"ಕುಂದ್ರಪಾ ರಾಯಪ್ಪಾ. ಚಹಾ ಕುಡಿ."