ಬಣ್ಣದ ಕೊಂಬಿನ ಎತ್ತು

"ಅಮ್ಮಾರೇ, ಈಗಿಂದೀಗ್ಲೇ ಬರಬೇಕು. ನನ್ನ ಅಂಗಡೀಲಿ ಒಂದು ಎತ್ತು ಕಳೆದೋಗೈತೆ!"

ಶನಿವಾರ ಬೆಳಗಿನ ಹನ್ನೊಂದು ಗಂಟೆಗೆ ನಾಗರಾಜ್ ಹೀಗೆ ಕೂಗುತ್ತ ಮಹಾದೇವಮ್ಮನವರ ಜಗಲಿ ಹತ್ತಿದಾಗ ತಿಪ್ಪಯ್ಯ ಅಲ್ಲೇ ಗೋಡೆಗೊರಗಿ ಕೂತು ಅವರೆಕಾಯಿ ಸುಲಿಯುತ್ತಿದ್ದ. ನಾಗರಾಜನ ಅಂಗಡಿ ಇದ್ದದ್ದು ಹೊಳಲ್ಕೆರೆ ಬಸ್‌ಸ್ಟ್ಯಾಂಡಿನ ಎದುರು, ಮಹಡಿಯ ಮೇಲೆ. ಅಲ್ಲಿ ಮೂರು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಸ್ಕ್ಯಾನರು ಬಿಟ್ಟರೆ ಬೇರೇನೂ ಇರಲಿಲ್ಲ.

"ಮಹಡಿ ಮ್ಯಾಲೆ ಎತ್ತು ಯಾಕೆ ಕಟ್ಟಿದ್ಯೋ ಮಾರಾಯ?" ಎಂದ ತಿಪ್ಪಯ್ಯ.

"ತಮಾಷೆ ಮಾಡಬ್ಯಾಡಣ್ಣ. ಕಂಪ್ಯೂಟರ್ನಾಗಿನ ಎತ್ತು. ಸಂಜೆ ನಾಕು ಗಂಟೆ ಒಳಗೆ ಸಿಗದಿದ್ರೆ ಒಂದು ಹುಡುಗಿ ಬಾಳು ಏನಾಗುತ್ತೋ ಗೊತ್ತಿಲ್ಲ."

ಮಹಾದೇವಮ್ಮ ಒಳಗಿನಿಂದ ಸೆರಗಿಗೆ ಕೈಯೊರೆಸಿಕೊಳ್ಳುತ್ತ ಬಂದರು. ಮೂವತ್ತೊಂದು ವರ್ಷ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವರು. ತಿಪ್ಪಯ್ಯ ಅದೇ ಎಕ್ಸ್‌ಚೇಂಜಿನ ಲೈನ್‌ಮ್ಯಾನ್. ನಿವೃತ್ತಿಯಾದ ಮೇಲೆ ಊರಿನಲ್ಲಿ ಏನೇ ಕಳೆದರೂ, ಯಾರ ಮೇಲೆ ಯಾರಿಗೆ ಅನುಮಾನ ಬಂದರೂ ಜನ ಪೊಲೀಸ್ ಸ್ಟೇಷನ್ನಿಗೆ ಹೋಗುವ ಮೊದಲು ಈ ಜಗಲಿಗೆ ಬಂದು ಹೋಗುತ್ತಿದ್ದರು. ಅವರು ತಲೆಯನ್ನು ಒಂದು ಕಡೆಗೆ ವಾಲಿಸಿ ಕೇಳುವುದನ್ನು ಕಂಡಾಗಲೆಲ್ಲ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡೇ ಇದ್ದಾರೇನೋ ಎಂದು ತಿಪ್ಪಯ್ಯನಿಗೆ ಅನಿಸುತ್ತಿತ್ತು.

"ಕುಂತ್ಕ. ಮೊದಲಿಂದ ಹೇಳು" ಎಂದರು.

ನಾಗರಾಜ್ ಕೂರಲಿಲ್ಲ. ನಿಂತೇ ಹೇಳಿದ.

ಕರೇಕಲ್ಲಹಟ್ಟಿಯಲ್ಲಿ ಚಿತ್ತಮ್ಮ ಎಂಬ ಸೂಲಗಿತ್ತಿ ಇದ್ದಳು. ಊರಿನ ಮಕ್ಕಳೆಲ್ಲ ಅವಳ ಕೈಯಲ್ಲೇ ಹುಟ್ಟಿದವರು. ಆದರೆ ಯಾರ ಹುಟ್ಟಿದ ದಿನವೂ ಎಲ್ಲೂ ದಾಖಲಾಗಿರಲಿಲ್ಲ. ಶಾಲೆಗೆ ಸೇರಿಸುವಾಗ ಮೇಷ್ಟ್ರು ಎಲ್ಲರಿಗೂ ಜೂನ್ ಒಂದು ಎಂದೇ ಬರೆದುಕೊಂಡಿದ್ದರು. ಅಲ್ಲಿನ ಟೀಚರ್ ಅನುಸೂಯ ಹೋದ ವರ್ಷ ಚಿತ್ತಮ್ಮನನ್ನು ಕೂರಿಸಿಕೊಂಡು, ಮೂವತ್ತೆಂಟು ಮಕ್ಕಳ ಹುಟ್ಟನ್ನು ಅವಳ ಬಾಯಿಂದಲೇ ಕೇಳಿ ಬರೆದು, ಪ್ರತಿ ಹಾಳೆಗೂ ಅವಳ ಹೆಬ್ಬೆಟ್ಟು ಒತ್ತಿಸಿದರು. ಅವನ್ನು ನಾಗರಾಜನ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಒಂದೊಂದು ಮಗುವಿಗೆ ಒಂದೊಂದು ಫೋಲ್ಡರ್ ಮಾಡಿಸಿದರು.

"ಅಜ್ಜಿ ಒಂದಿನ ನೋಡಾಕೆ ಬಂದ್ಲು. ಅಕ್ಷರ ಬರಲ್ಲ. ಸ್ಕ್ರೀನ್ ತುಂಬ ಒಂದೇ ಥರದ ಹಳದಿ ಫೋಲ್ಡರು. 'ಇದ್ರಾಗೆ ನನ್ನ ಮಕ್ಳು ಎಲ್ಲದಾವಪ್ಪ?' ಅಂತ ಸಪ್ಪಗಾದ್ಲು. ಅದಕ್ಕೆ ಹಳದಿ ತೆಗೆದು ಒಂದೊಂದಕ್ಕೂ ಬೇರೆಬೇರೆ ಚಿತ್ರ ಹಾಕಿಸ್ದೆ. ಅಜ್ಜಿ ಹೇಳ್ತಾ ಹೋದ್ಲು, ನನ್ನ ಹತ್ರ ಕಲಿಯಾಕೆ ಬರೋ ಉಷಾ ಅಂತ ಹುಡುಗಿ ಬಿಡಿಸ್ತಾ ಹೋದ್ಲು. ಹಾವು, ಹೋಳಿಗೆ, ಮುರಿದ ಬೇವಿನ ಮರ... ಆಮೇಲೆ ನೋಡ್ಬೇಕಿತ್ತು ಅಜ್ಜೀನ! ಬೆರಳಿಟ್ಟು ಮೂವತ್ತೆಂಟೂ ಗುರುತು ಹಿಡಿದ್ಲು."

ಚಿತ್ತಮ್ಮ ದೀಪಾವಳಿಯಲ್ಲಿ ತೀರಿಕೊಂಡಿದ್ದಳು. ಹೆಬ್ಬೆಟ್ಟಿನ ಹಾಳೆಗಳನ್ನು ಅನುಸೂಯ ಟೀಚರ ಮನೆಯ ಟ್ರಂಕಿನಲ್ಲಿ ಗೆದ್ದಲು ತಿಂದಿತ್ತು. ಫ್ಲಾಪಿಗೆ ಹಾಕಿಟ್ಟಿದ್ದ ಪ್ರತಿ ಬೂಸಲು ಹಿಡಿದು ತೆರೆಯುತ್ತಿರಲಿಲ್ಲ. ಉಳಿದದ್ದು ಕಂಪ್ಯೂಟರಿನಲ್ಲಿ ಇದ್ದದ್ದು ಮಾತ್ರ. ಅದರಲ್ಲಿ ಈ ದಿನ ಬೆಳಿಗ್ಗೆಯಿಂದ ಒಂದು ಫೋಲ್ಡರ್ ಇರಲಿಲ್ಲ.

"ಯಾರ್ದು?"

"ಅದೇ ಉಷಾಂದು, ಎತ್ತಿನ ಚಿತ್ರದ್ದು. ಹಿಟ್ಟಿನ ಗಿರಣಿ ಶಿವಕುಮಾರಪ್ಪನ ಮಗಳು. ಸೋಮವಾರ ಮದುವೆ, ಗಂಡು ಹೊಸದುರ್ಗದ ಹಾಲಪ್ಪನ ಮಗ. ಶಾಲೆ ಸರ್ಟಿಫಿಕೇಟಿನಾಗೆ ಎಂಬತ್ತೇಳನೇ ಇಸವಿ ಜೂನ್ ಒಂದು ಅಂತ ಐತೆ. ಈಗ ಎರಡು ಸಾವಿರದ ಐದು, ಫೆಬ್ರವರಿ. ಲೆಕ್ಕ ಹಾಕಿದ್ರೆ ಹದಿನೆಂಟು ತುಂಬಿಲ್ಲ. ಟೀಚರ್ ಕಂಪ್ಲೇಂಟ್ ಕೊಟ್ಟಿದಾರೆ. ನಾಕು ಗಂಟೆಗೆ ಕಮಲಮ್ಮ ಅಂತ ಮಹಿಳಾ-ಮಕ್ಕಳ ಇಲಾಖೆ ಮೇಲ್ವಿಚಾರಕಿ ಮೇಡಂ ಚಿತ್ತಜ್ಜಿ ಹೇಳಿಕೆ ನೋಡಾಕೆ ಬರ್ತಾರೆ. ಅದು ಸಿಗ್ಲಿಲ್ಲ ಅಂದ್ರೆ ಶಾಲೆ ತಾರೀಕೇ ಗಟ್ಟಿ, ಮದುವೆ ನಿಲ್ಲುತ್ತೆ. ನಾನೇ ಅಳಿಸ್ದೆ ಅಂತ ಶಿವಕುಮಾರಪ್ಪ ಅಂಗಡಿ ಮುಂದೆ ನಿಂತು ಬೈತಾವ್ನೆ."

ಮಹಾದೇವಮ್ಮ ಚಪ್ಪಲಿ ಮೆಟ್ಟಿಕೊಂಡರು. ತಿಪ್ಪಯ್ಯ ಅವರೆಕಾಯಿಯ ಮೊರವನ್ನು ಒಳಗಿಟ್ಟು ಹಿಂದೆ ಹೊರಟ.

ಮೆಟ್ಟಿಲ ಬುಡದಲ್ಲೇ ಜಗಳ ಕೇಳಿಸುತ್ತಿತ್ತು.

"ನನ್ನ ಮಗಳಿಗೆ ಹದಿನೆಂಟು ತುಂಬೈತೆ! ಎಷ್ಟು ಸಲ ಹೇಳ್ಬೇಕು ನಿಮಗೆ?"

"ತುಂಬಿದ್ರೆ ಫೋಲ್ಡರ್ ಯಾಕೆ ಮಾಯ ಆಯ್ತು ಶಿವಕುಮಾರಪ್ಪನೋರೆ? ನಿನ್ನೆ ಸಂಜೆ ಈ ಕಂಪ್ಯೂಟರ್ ಮುಂದೆ ಹತ್ತು ನಿಮಿಷ ಕುಂತಿದ್ದೋರು ನೀವೇ ಅಲ್ವ?"

"ಕುಂತಿದ್ದೆ. ಕಾಫಿ ಕುಡ್ಯಾಕೆ. ಬೆಳಿಗ್ಗೆ ಬಾಗಿಲು ತೆಗೀತಿದ್ದಂಗೆ ಬಂದೋರು ನೀವು. ಮದುವೆ ನಿಲ್ಲಿಸ್ಬೇಕು ಅಂತ ಪಣ ತೊಟ್ಟೋರೂ ನೀವೇ."

ಅನುಸೂಯ ಟೀಚರ ಮುಖ ಕೆಂಪಗಾಗಿತ್ತು. ಉಷಾ ಬಾಗಿಲ ಬಳಿ ಸ್ಟೂಲಿನ ಮೇಲೆ ಕೂತು ಉಗುರು ಕಚ್ಚುತ್ತಿದ್ದಳು. ಕೈಗೆ ಚಪ್ಪರದ ದಿನದ ಹಸಿರು ಬಳೆ ಆಗಲೇ ಏರಿದ್ದವು. ಅವಳೂ ನಿನ್ನೆ ಮಧ್ಯಾಹ್ನ, ಮದುವೆಗೆ ಮುಂಚಿನ ಕೊನೇ ಕ್ಲಾಸೆಂದು ಬಂದು ಇದೇ ಯಂತ್ರದ ಮುಂದೆ ಕೂತು ಹೋಗಿದ್ದಳೆಂದು ನಾಗರಾಜ್ ದಾರಿಯಲ್ಲಿ ಹೇಳಿದ್ದ.

ಮಹಾದೇವಮ್ಮ ಯಾರನ್ನೂ ಗದರಿಸಲಿಲ್ಲ. ಒಬ್ಬೊಬ್ಬರ ಮುಂದೆಯೂ ನಿಂತು ಒಂದೇ ಪ್ರಶ್ನೆ ಕೇಳಿದರು: "ಆ ಫೋಲ್ಡರಿಗೆ ಏನಾಗೈತೆ?"

"ಯಾರೋ ಅಳಿಸಿದಾರೆ" ಎಂದ ನಾಗರಾಜ್.

"ಬೇಕಂತಲೇ ಹಾಳು ಮಾಡಿದಾರೆ" ಎಂದರು ಟೀಚರ್.

"ತೆಗೆದು ಬಿಸಾಕಿದಾರೆ" ಎಂದ ಶಿವಕುಮಾರಪ್ಪ.

"ಕಾಣ್ತಿಲ್ಲ" ಎಂದಳು ಉಷಾ, ತಲೆ ಎತ್ತದೆ.

ಆಮೇಲೆ ಅವರು ಸ್ಕ್ರೀನಿನ ಮುಂದೆ ಕೂತರು. ತಿಪ್ಪಯ್ಯ ಬಗ್ಗಿ ನೋಡಿದ. ಹೊಲದ ಸಾಲಿನಂತೆ ಮೇಲಿಂದ ಕೆಳಕ್ಕೆ ಪುಟ್ಟ ಪುಟ್ಟ ಚಿತ್ರಗಳು. ನಾಗರ ಪಂಚಮಿಯ ಹಾವು. ಯುಗಾದಿಯ ಹೋಳಿಗೆ. ಸಿಡಿಲು ಬಡಿದ ಬೇವಿನ ಮರ. ಊರಿಗೆ ಮೊದಲ ಸಲ ಬಂದ ಕೆಂಪು ಬಸ್ಸು. ನಾಲ್ಕನೇ ಸಾಲಿನ ನಡುವೆ ಒಂದು ಚಿತ್ರದಷ್ಟು ಜಾಗ ಬರಿದಾಗಿತ್ತು, ಹಲ್ಲು ಬಿದ್ದ ವಸಡಿನಂತೆ. 'ಪಾಪ, ಎತ್ತು ಇದ್ದದ್ದು ಇಲ್ಲೇ' ಎಂದುಕೊಂಡ.

"ಅಳಿಸಿದ್ದು ಬೀಳೋ ಕಸದ ಬುಟ್ಟಿ ಇದ್ರಾಗೇ ಇರುತ್ತಂತಲ್ಲ, ನೋಡಿದ್ರಾ?" ಎಂದರು ಮಹಾದೇವಮ್ಮ.

"ನೋಡಿದ್ವಿ. ಹಳೇ ಕಸ ಎಲ್ಲ ಹಂಗೇ ಐತೆ, ಇದು ಮಾತ್ರ ಇಲ್ಲ. ಬುಟ್ಟಿಗೆ ಹಾಕದಂಗೂ ಅಳಿಸಬಹುದು ಅಮ್ಮಾರೆ. ಹೆಸರು ಕೊಟ್ಟು ಹುಡುಕಿದ್ದೂ ಆಯ್ತು. ಆ ಹೆಸರಿಂದು ಇಲ್ಲ ಅಂತು."

"ಒಂದು ಅಳಿಸಿದ್ರೆ ಹೆಂಗಾಗುತ್ತೆ ಅಂತ ನಂಗೆ ತೋರ್ಸು. ಮಕ್ಕಳದ್ದು ಮುಟ್ಟಬ್ಯಾಡ, ನಿಂದೇ ಬೇಡದ್ದು ಯಾವುದಾರ ಇದ್ರೆ."

ಎರಡನೇ ಸಾಲಿನಲ್ಲಿ ಹಳೆಯ ಲಗ್ನಪತ್ರಿಕೆಯ ಫೈಲೊಂದಿತ್ತು. ನಾಗರಾಜ್ ಅದನ್ನು ಅಳಿಸಿದ. ಅದರ ಕೆಳಗಿದ್ದವೆಲ್ಲ ಒಂದೊಂದು ಮೆಟ್ಟಿಲು ಮೇಲೇರಿ ನಿಂತವು.

"ತಾವೇ ಸರಕೊಂಡ್ವಲ್ಲ!" ಎಂದ ತಿಪ್ಪಯ್ಯ.

"ಹಂಗೆ ಸೆಟ್ ಮಾಡಿದೀನಿ ಅಣ್ಣ. ಹುಡುಗ್ರು ಎಲ್ಲೆಲ್ಲೋ ಎಳೆದು ಬಿಡ್ತಾವೆ ಅಂತ."

ಮಹಾದೇವಮ್ಮ ತಲೆ ವಾಲಿಸಿದರು. ಚಿತ್ರ ಬದಲಿಸುವುದು ಹೇಗೆಂದು ಕೇಳಿದರು. ನಾಗರಾಜ್ ಮೌಸಿನ ಬಲಗುಂಡಿ ಒತ್ತಿ, ಒಂದರ ಹಿಂದೊಂದು ಎರಡು ಕಿಟಕಿ ತೆರೆದ. ಕಂಪ್ಯೂಟರಿನವರೇ ಕೊಟ್ಟ ರೆಡಿಮೇಡ್ ಚಿತ್ರಗಳ ಪಟ್ಟಿ ಬಂತು. ಮರ, ಬೀಗ, ಭೂಗೋಳ, ನಡುನಡುವೆ ಏನೂ ಇಲ್ಲದ ಖಾಲಿ ಚೌಕ. "ನಾವು ಬಿಡಿಸಿದ್ದು ಬೇಕಂದ್ರೆ ಬೇರೆ ಕಡೆಯಿಂದ ತರಬೇಕು. ಕಲಿಯೋರಿಗೆಲ್ಲ ಇದೇ ಮೊದಲ್ನೇ ಪಾಠ. ಮಜ ಸಿಗುತ್ತೆ ಅಂತ."

"ಕಳೆದಿರೋದರ ಚಿತ್ರ ಹೆಂಗಿತ್ತು ಟೀಚರಮ್ಮ?"

"ಎತ್ತು. ಕೊಂಬಿಗೆ ಬಣ್ಣ ಬಳಿದಿತ್ತು. ಕೆಂಪು, ನೀಲಿ."

"ಅದರ ಒಳಗೆ ಏನು ಬರೆದಿದ್ರಿ, ನೆನಪೈತಾ?"

"ಮೂವತ್ತೆಂಟು ಮಕ್ಕಳಮ್ಮ. ಎಲ್ಲಿ ನೆನಪಿರುತ್ತೆ? ವರ್ಷ ಆಯ್ತು ಬರೆದು."

ಹುಡುಕಾಟದಲ್ಲೇ ಮಧ್ಯಾಹ್ನ ಕಳೆದು ಗಡಿಯಾರ ಮೂರೂವರೆ ತೋರಿಸುತ್ತಿತ್ತು. ತಿಪ್ಪಯ್ಯ ಮತ್ತೆ ಮತ್ತೆ ಅದನ್ನೇ ನೋಡಿದ. ಅಮ್ಮಾರು ಒಮ್ಮೆಯೂ ಸೋತದ್ದಿಲ್ಲ ನಿಜ. ಆದರೆ ಈವರೆಗೆ ಕಳೆದದ್ದೆಲ್ಲ ಮೂಸಬಹುದಾದ, ಮುಟ್ಟಬಹುದಾದ ವಸ್ತು. ಮೌಸನ್ನೇ ಹಿಡಿಯದ ಹೆಂಗಸು ಇದರೊಳಗೆ ಏನು ಹುಡುಕಿಯಾರು? ಅವನು ಕೆಳಗಿಳಿದು ಎಲ್ಲರಿಗೂ ಚಹಾ ತಂದ. ಯಾರೂ ಕುಡಿಯಲಿಲ್ಲ. ಲೋಟದ ಮೇಲೆ ಕೆನೆ ಕಟ್ಟಿತು.

ನಾಲ್ಕಕ್ಕೆ ಸರಿಯಾಗಿ ಕಮಲಮ್ಮ ಮೇಡಂ ಮೆಟ್ಟಿಲು ಹತ್ತಿ ಬಂದರು. ಕಂಕುಳಲ್ಲಿ ಫೈಲು, ಹಣೆಯಲ್ಲಿ ಬೆವರು. "ಎಲ್ಲಿ, ತೋರಿಸಿ" ಎಂದರು.

"ಐತೆ ಮೇಡಂ, ಕುಂತ್ಕಳ್ರಿ" ಎಂದರು ಮಹಾದೇವಮ್ಮ. "ನಾಗರಾಜ, ಆ ನಾಕನೇ ಸಾಲಿನಾಗೆ ಖಾಲಿ ಐತಲ್ಲ, ಅದರ ಮ್ಯಾಲೆ ಒತ್ತು."

"ಅಲ್ಲೇನೂ ಇಲ್ಲ ಅಮ್ಮಾರೆ."

"ಒತ್ತಪ್ಪ."

ಒತ್ತಿದ. ಬರಿಜಾಗದ ಕೆಳಗೆ ನೀಲಿಯ ಸಣ್ಣ ಪಟ್ಟಿ ಮೂಡಿತು. ಎರಡು ಸಲ ಒತ್ತಿದಾಗ ಫೋಲ್ಡರ್ ತೆರೆದುಕೊಂಡಿತು.

"ಅಳಿಸಿದ್ರೆ ಕೆಳಗಿನವು ಮ್ಯಾಲೆ ಸರೀಬೇಕಿತ್ತು" ಎಂದರು ಮಹಾದೇವಮ್ಮ. "ನೀನೇ ತೋರ್ಸಿದೆ. ಸರಿದಿಲ್ಲ ಅಂದ್ರೆ ಅಲ್ಲಿ ಯಾರೋ ಕುಂತವ್ರೆ ಅಂತ ಅರ್ಥ. ಚಿತ್ರ ಇಲ್ಲ, ಹೆಸರಿಲ್ಲ, ಆದ್ರೆ ಜಾಗ ಬಿಟ್ಟಿಲ್ಲ. ನಿನ್ನ ಪಟ್ಟಿಯಾಗಿನ ಒಂದು ಖಾಲಿ ಚೌಕ ಎತ್ತಿನ ಜಾಗಕ್ಕೆ ಬಂದೈತೆ. ಹೆಸರು ಹೆಂಗೆ ಖಾಲಿ ಮಾಡಿದ್ರು ಅನ್ನೋದು ನಂಗೆ ತಿಳಿಯಲ್ಲ."

"ಆಲ್ಟ್ ಗುಂಡಿ ಒತ್ತಿ ಹಿಡಿದು ಇನ್ನೂರ ಐವತ್ತೈದು ಅಂತ ಒತ್ತಬೇಕು" ಎಂದ ನಾಗರಾಜ್, ಕನಸಿನಲ್ಲೆಂಬಂತೆ. "ಹೋದ ವಾರ ಕ್ಲಾಸಿನಾಗೆ ನಾನೇ ಹೇಳಿಕೊಟ್ಟೆ. ಕಣ್ಣಿಗೆ ಕಾಣದ ಅಕ್ಷರ ಅದು. ಅದಕ್ಕೇ ಹೆಸರು ಹುಡುಕಿದ್ರೆ ಸಿಗ್ಲಿಲ್ಲ!"

ಕಮಲಮ್ಮ ಮೇಡಂ ಸ್ಕ್ರೀನಿಗೆ ಮುಖ ಹತ್ತಿರ ತಂದು ಗಟ್ಟಿಯಾಗಿ ಓದಿದರು. ಎಂಬತ್ತೇಳನೇ ಇಸವಿ, ಸಂಕ್ರಾಂತಿಯ ಮಾರನೇ ದಿನ. ಕಿಚ್ಚು ಹಾಯಿಸಿದ ಎತ್ತಿನ ಕೊಂಬಿನ ಬಣ್ಣ ಇನ್ನೂ ಹಸಿ ಇತ್ತು. ಹಿತ್ತಲಲ್ಲಿ ಎತ್ತು, ಒಳಗೆ ಕೂಸು. ಕೆಳಗೆ ಚಿತ್ತಮ್ಮನ ಹೆಬ್ಬೆಟ್ಟು, ಮಸಿ ಹರಡಿದ ಅಗಲವಾದ ಗುರುತು.

"ಅಂದ್ರೆ ಹದಿನೆಂಟು ತುಂಬಿ ತಿಂಗಳ ಮೇಲಾಗಿದೆ" ಎಂದರು ಮೇಡಂ.

"ನಾನು ಬಡ್ಕಂತಿದ್ದೆ!" ಶಿವಕುಮಾರಪ್ಪ ಎದ್ದೇ ಬಿಟ್ಟ. "ಕೇಳಿದ್ರೇನ್ರಿ ಟೀಚರಮ್ಮ? ಈಗ ಹೇಳ್ರಿ, ಮುಚ್ಚಿಟ್ಟೋರು ಯಾರು?"

"ನೀವಲ್ಲ" ಎಂದರು ಮಹಾದೇವಮ್ಮ. "ಒಳಗೆ ನೋಡೋಕೆ ಮೊದ್ಲೇ ನಂಗೆ ಅನುಮಾನ ಬಂದಿತ್ತು. ಚಿತ್ತಮ್ಮ ಹೇಳಿದ ಚಿತ್ರ ಮನೆಯ ಗುರುತಲ್ಲ, ಹುಟ್ಟಿದ ದಿನದ ಗುರುತು. ಹಾವು ಪಂಚಮಿಗೆ, ಹೋಳಿಗೆ ಯುಗಾದಿಗೆ. ಕೊಂಬಿಗೆ ಬಣ್ಣ ಅಂದ್ರೆ ಸಂಕ್ರಾಂತಿ. ಜೂನ್ ಒಂದು ಸುಳ್ಳು, ನೀವು ಹೇಳೋದು ನಿಜ ಇರಬಹುದು ಅನ್ನಿಸ್ತು. ನಿಮಗೆ ಬೇಕಾದ ಸಾಕ್ಷೀನ ನೀವ್ಯಾಕೆ ಬಚ್ಚಿಡ್ತೀರ? ಟೀಚರಮ್ಮನೂ ಅಲ್ಲ. ಇದ್ರಾಗೆ ಹದಿನೇಳು ಅಂತ ಇರುತ್ತೆ ಅಂತ ನಂಬಿ ಮೇಡಂ ಅವರನ್ನ ಕರೆಸಿದೋರೇ ಅವರು. ನಾಗರಾಜಂಗೆ ಅಂಗಡಿ ಮರ್ಯಾದೆ ಹೋಗುತ್ತೆ. ಅವನಿಗೇನು ಲಾಭ?"

ತಿಪ್ಪಯ್ಯನಿಗೆ ಈಗ ಗೊತ್ತಾಯಿತು. ಗೊತ್ತಾದ ಮೇಲೆ ಬಾಗಿಲ ಕಡೆ ನೋಡಲು ಅವನಿಗೆ ಧೈರ್ಯ ಸಾಲಲಿಲ್ಲ.

"ಬೆಳಿಗ್ಗೆ ಒಂದೇ ಪ್ರಶ್ನೆ ನಾಕು ಜನಕ್ಕೆ ಕೇಳ್ದೆ" ಎಂದರು ಮಹಾದೇವಮ್ಮ, ದನಿ ತಗ್ಗಿಸಿ. "ಅಳಿಸಿದಾರೆ, ಹಾಳು ಮಾಡಿದಾರೆ, ಬಿಸಾಕಿದಾರೆ ಅಂತ ಮೂರು ಜನ. ಮೂವರಿಗೂ ಅದು ಸತ್ತು ಹೋಗಿತ್ತು. ಒಬ್ರಿಗೆ ಮಾತ್ರ ಅದು ಬರೀ 'ಕಾಣ್ತಿಲ್ಲ'. ಇದೆ ಅಂತ ಗೊತ್ತಿರೋರ ಮಾತು ಅದು. ಹೆಸರು ನಾನು ಹೇಳಲ್ಲ. ಹೇಳೋರು ಇಲ್ಲೇ ಅದಾರೆ."

ಸ್ಟೂಲು ಕಿರ್ರೆಂದಿತು. ಉಷಾ ಎದ್ದು ನಿಂತಿದ್ದಳು.

"ಅಳಿಸ್ಬೇಕು ಅಂತಲೇ ಕುಂತೆ. ಅದರ ಕೆಳಗೆ ಚಿತ್ತಜ್ಜಿ ಹೆಬ್ಬೆಟ್ಟು ಇತ್ತು. ಕೈ ಬರ್ಲಿಲ್ಲ. ಸೋಮವಾರ ದಾಟಿದ ಮ್ಯಾಲೆ ಎತ್ತು ವಾಪಸ್ ಹಾಕ್ತಿದ್ದೆ."

"ಲೇ, ನೀನಾ?" ಶಿವಕುಮಾರಪ್ಪನ ದನಿ ಒಡೆಯಿತು. "ನಿನ್ನ ಮದುವೆಗೆ ನೀನೇ ಅಡ್ಡ ಹಾಕ್ತೀಯಾ? ಹುಡುಗ ಏನು ಕುಡೀತಾನಾ, ತಿರುಗ್ತಾನಾ?"

"ಅವರು ಒಳ್ಳೇರೇ ಇರಬಹುದು ಅಪ್ಪಾಜಿ. ನಂಗೆ ಬೇಡ. ಅಮ್ಮನಿಗೆ ಎರಡು ಸಲ ಹೇಳ್ದೆ. ಎಲ್ಲಾ ಹುಡುಗೀರೂ ಹಂಗೇ ಅಂತಾರೆ ಅಂತ ನಕ್ಕುಬಿಟ್ರು. ನನ್ನ ಮಾತಿಗೆ ನಿಲ್ಲದಿದ್ದದ್ದು ಶಾಲೆ ತಾರೀಕಿಗಾದ್ರೂ ನಿಲ್ಲಲಿ ಅಂತ..."

"ಆ ತಾರೀಕು ಈಗ ನಿನ್ನ ಕಾಯಲ್ಲಮ್ಮ" ಎಂದರು ಕಮಲಮ್ಮ ಮೇಡಂ. ಫೈಲನ್ನು ಮಡಿಲಲ್ಲಿ ಮುಚ್ಚಿಟ್ಟರು. "ನಿನಗೆ ವಯಸ್ಸಾಗಿದೆ. ನಾನು ಮದುವೆ ನಿಲ್ಲಿಸೋ ಹಂಗಿಲ್ಲ. ಒಪ್ಪೋದು ಬಿಡೋದು ನೀನೇ ಹೇಳ್ಬೇಕು."

ಉಷಾ ಅಪ್ಪನ ಕಡೆ ತಿರುಗಿದಳು. ಬಳೆ ಸದ್ದು ಮಾಡಿದವು.

"ಬೆಳಗಿಂದ ಹತ್ತು ಸಲ ಕೂಗಿದ್ರಿ, ನನ್ನ ಮಗಳಿಗೆ ಹದಿನೆಂಟು ತುಂಬೈತೆ ಅಂತ. ತುಂಬೈತೆ ಅಪ್ಪಾಜಿ. ನಂಗೆ ಈ ಮದುವೆ ಬೇಡ."

ಶಿವಕುಮಾರಪ್ಪ ಮಗಳ ಕಡೆ ನೋಡಿದ. ಟೀಚರ ಕಡೆ ನೋಡಿದ, ಮೇಡಂ ಕಡೆ ನೋಡಿದ. ಎಲ್ಲಿಂದಲೂ ಅವನಿಗೆ ಜಗಳ ಸಿಗಲಿಲ್ಲ. ಬಾಗಿಲಾಚೆಯ ವರಾಂಡಕ್ಕೆ ಹೋಗಿ, ಕಂಬಿ ಹಿಡಿದು ಬಸ್‌ಸ್ಟ್ಯಾಂಡ್ ನೋಡುತ್ತ ನಿಂತ. ಹೊಸದುರ್ಗದ ಬಸ್ಸೊಂದು ಜನ ತುಂಬಿಕೊಂಡು ಹೋಯಿತು.

ಆಮೇಲೆ ಅವನು ಜೇಬಿನಿಂದ ಮೊಬೈಲ್ ತೆಗೆದು, ದೂರ ಹಿಡಿದು ಕಣ್ಣು ಕಿರಿದು ಮಾಡಿ, ಒಂದೊಂದೇ ಗುಂಡಿ ಒತ್ತಿದ. ಆ ಕಡೆಯಿಂದ ಯಾರೋ ಎತ್ತಿದ್ದು ತಿಪ್ಪಯ್ಯನಿಗೂ ಕೇಳಿಸಿತು.

"ಬೀಗರೇ..." ಎಂದವನು ತಡೆದ.

"ಹಾಲಪ್ಪನವರೇ," ಎಂದು ಮತ್ತೆ ಶುರುಮಾಡಿದ, "ನಾನು ಶಿವಕುಮಾರಪ್ಪ, ಕರೇಕಲ್ಲಹಟ್ಟಿಯೋನು."